ಮೆಟ್ಟಿಲಿಗೆ 70 ಲಕ್ಷ ವರ್ಷ

ದಂಡಿಗನಹಳ್ಳಿಯ ಹೊಲಗಳ ನಡುವೆ ಒಂದು ಬಂಡೆ, ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನೆಲದಿಂದ ಎದ್ದು ಮತ್ತೆ ನೆಲಕ್ಕೇ ಇಳಿದಿದೆ. ಬೆಳಗಿನ ಆರೂವರೆ. ಅಕ್ಟೋಬರಿನ ಇಬ್ಬನಿ ಕಲ್ಲಿನ ಮೇಲಿನ್ನೂ ಆರಿಲ್ಲ. ಸುತ್ತ ರಾಗಿ ತೆನೆ ಕಟ್ಟುತ್ತಿದೆ. ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹೂ ಬಿರಿದು, ಹಸಿರಿನ ಮೇಲೆ ಯಾರೋ ಅರಿಶಿನದ ಗೆರೆ ಎಳೆದ ಹಾಗಿದೆ. ಜೇನುಹುಳುಗಳು ಆಗಲೇ ಕೆಲಸಕ್ಕೆ ಇಳಿದಿವೆ. ತೆಂಗಿನ ತೋಟದ ಕಡೆಯಿಂದ ನವಿಲೊಂದು ಕೂಗುತ್ತದೆ, ಇನ್ನೊಂದು ಕೆರೆಯಾಚೆಯಿಂದ ಓಗೊಡುತ್ತದೆ.

"ಚಪ್ಪಲಿ ಬಿಟ್ಟು ಹತ್ತಿ. ಅಂಗೈ ಊರಿ ಮುಟ್ಟಿ ನೋಡಿ," ಅನ್ನುತ್ತಾರೆ ಮೇಷ್ಟ್ರು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು ಅವರು. ಈಗ ತೆಂಗು, ರಾಗಿ ನೋಡಿಕೊಂಡು ಊರಲ್ಲೇ ಇದ್ದಾರೆ. ಮೊಮ್ಮಗಳು ಪುಟ್ಟಿ ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ಕ್ಲಾಸು. ದಸರಾ ರಜೆಗೆ ಬಂದವಳು, ನನಗಿಂತ ಮೊದಲೇ ಬಂಡೆಯ ನೆತ್ತಿ ಹತ್ತಿ ಕೂತಿದ್ದಾಳೆ. ನಾನು ಅಂಗೈ ಊರುತ್ತೇನೆ. ತಣ್ಣಗೆ, ಒರಟಾಗಿ, ಒಂದಿಷ್ಟು ಮರಳು ಕೈಗೆ ಅಂಟುತ್ತದೆ. ಹತ್ತಿರದಿಂದ ನೋಡಿದರೆ ಕಲ್ಲಿನ ಮೈತುಂಬ ಪಟ್ಟೆಗಳು. ಕರಿ, ಬಿಳಿ, ಬೂದಿ, ಅಲ್ಲಲ್ಲಿ ನಸುಗೆಂಪು. ಕಂಬಳಿಯನ್ನು ಹಿಂಡಿ ಹಾಗೇ ಬಿಟ್ಟಂತೆ ಆ ಪಟ್ಟೆಗಳು ಮಡಿಚಿ, ತಿರುಚಿ, ಮತ್ತೆ ನೇರವಾಗಿ ಹರಿದಿವೆ.

"ಎಷ್ಟು ವಯಸ್ಸಿರಬಹುದು ಇದಕ್ಕೆ, ಪುಟ್ಟೀ?"

"ತುಂಬಾ ಹಳೇದು ತಾತ. ಒಂದು ಕೋಟಿ ವರ್ಷ?"

ಮೇಷ್ಟ್ರು ತಲೆ ಅಲ್ಲಾಡಿಸುತ್ತಾರೆ. ಈ ಪಟ್ಟೆಗಲ್ಲಿಗೆ ಭೂವಿಜ್ಞಾನಿಗಳು ನೈಸ್ ಅನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಬಳಗದ್ದು. ಇಲ್ಲಿಂದ ಪಡುವಣಕ್ಕೆ, ಹೇಮಾವತಿಯ ಮಗ್ಗುಲಿನ ಗೊರೂರು ಮತ್ತು ಹಾಸನದ ಸುತ್ತಿನ ನೈಸ್ ಕಲ್ಲುಗಳ ವಯಸ್ಸನ್ನು ರುಬಿಡಿಯಂ–ಸ್ಟ್ರಾಂಷಿಯಂ ಲೆಕ್ಕದಿಂದ ಅಳೆದ ಸಂಶೋಧಕರು ಪ್ರಕಟಿಸಿದ ಅಂಕಿ ಸುಮಾರು 330 ಕೋಟಿ ವರ್ಷ. ಭೂಮಿಗೇ 454 ಕೋಟಿ ವರ್ಷ. ಪುಟ್ಟಿ ಕೂತಲ್ಲಿಂದ ಎದ್ದು ನಿಲ್ಲುತ್ತಾಳೆ. ಅಷ್ಟು ಹಿರಿಯರ ಮೇಲೆ ಕೂರಬಾರದು ಅನ್ನಿಸಿತೋ ಏನೋ.

ದಂಡಿಗನಹಳ್ಳಿ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ಹಾದುಹೋಗುವವರ ಕಣ್ಣಿಗೆ ತೆಂಗು, ರಾಗಿ, ಜೋಳ, ಕೆರೆ, ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದ ಸಾಲು, ಇಷ್ಟೇ ಕಾಣುವುದು. ಭೂವಿಜ್ಞಾನದ ನಕ್ಷೆ ಬಿಡಿಸಿದರೆ ಇದು ಎಂಥ ನೆಲ ಅನ್ನುವುದು ಹೊಳೆಯುತ್ತದೆ. ಒಂದು ಕಡೆ ಹೊಳೆನರಸೀಪುರದ ಶಿಲಾಪಟ್ಟಿ, ಇನ್ನೊಂದು ಕಡೆ ನುಗ್ಗೇಹಳ್ಳಿಯ ಶಿಲಾಪಟ್ಟಿ. ಎರಡೂ 300 ಕೋಟಿ ವರ್ಷ ದಾಟಿದವು. ಆ ಎರಡು ಹೆಸರುಗಳು ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಓಡಾಡುತ್ತವೆ. ನಾನು ಈ ಊರಿಗೆ ಬಂದದ್ದು ಒಂದು ಪಾಠವನ್ನು ಹುಡುಕಿಕೊಂಡು. ಬಂದ ಮೊದಲ ಬೆಳಗ್ಗೆಯೇ ಅದರ ಮೇಲೆ ನಿಂತಿದ್ದೇನೆ.

ಆ ಪಾಠದ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಚನ್ನರಾಯಪಟ್ಟಣಕ್ಕೆ ಬನ್ನಿ, ತರಕಾರಿ ಕೊಳ್ಳುವುದಿದೆ.

ಮಾರುಕಟ್ಟೆಯ ಬಾಯಲ್ಲೇ ಕೊತ್ತಂಬರಿಯ ಘಮ, ಕೊಳೆತ ಟೊಮ್ಯಾಟೊದ ಹುಳಿ ವಾಸನೆ, ಮೂಟೆ ಹೊತ್ತವರ "ದಾರಿ, ದಾರಿ". ಮೇಷ್ಟ್ರು ಒಂದು ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ತರಕಾರಿ ಆರಿಸುತ್ತಾರೆ. ಒಂದು ಎಲೆಕೋಸು, ಒಂದು ಹೂಕೋಸು, ಒಂದು ನವಿಲುಕೋಸು. ಮೂರನ್ನೂ ಮೊಮ್ಮಗಳ ಕೈಗೆ ಕೊಡುತ್ತಾರೆ.

"ಈ ಮೂವರ ತಾಯಿ ಒಬ್ಬಳೇ."

ಪುಟ್ಟಿ ನಂಬುವುದಿಲ್ಲ. ಒಂದು ಗುಂಡಗೆ ಎಲೆ ಸುತ್ತಿಕೊಂಡಿದೆ, ಒಂದು ಮೊಗ್ಗಿನ ಗೊಂಚಲು, ಒಂದು ಊದಿಕೊಂಡ ಕಾಂಡ. ಆದರೆ ಮೇಷ್ಟ್ರು ಹೇಳುವುದು ನಿಜ. ಯುರೋಪಿನ ಕಡಲ ದಂಡೆಗಳ ಒಂದು ಕಾಡುಕೋಸಿನ ಗಿಡದಿಂದ, ಸಾವಿರಾರು ವರ್ಷ ರೈತರು ಬೇಕಾದ ಬೀಜವನ್ನೇ ಎತ್ತಿಟ್ಟುಕೊಂಡು ಬಿತ್ತಿದ್ದರಿಂದ ಇವಿಷ್ಟೂ ಹುಟ್ಟಿದವು. ದಪ್ಪ ಎಲೆ ಬೇಕೆಂದವನ ಹೊಲದಲ್ಲಿ ಎಲೆಕೋಸು, ದಪ್ಪ ಕಾಂಡ ಬೇಕೆಂದವನ ಹೊಲದಲ್ಲಿ ನವಿಲುಕೋಸು. ಹತ್ತನೇ ಕ್ಲಾಸಿನ ಹಳೆಯ ವಿಜ್ಞಾನ ಪುಸ್ತಕದಲ್ಲಿ ಈ ಉದಾಹರಣೆ ಚಿತ್ರಸಮೇತ ಇತ್ತು. ಅದರ ಹಿಂದಿನ ಪುಟಗಳಲ್ಲಿ ಹಸಿರು ಪೊದೆಯೊಳಗೆ ಕೆಂಪು ಜೀರುಂಡೆಗಳನ್ನು ಕಾಗೆ ಹೆಕ್ಕಿ ತಿನ್ನುವ, ಹಸಿರು ಜೀರುಂಡೆ ಕಣ್ಣಿಗೆ ಬೀಳದೆ ಉಳಿಯುವ ಕಥೆಯಿತ್ತು. "ಆ ಜೀರುಂಡೆ ಪಾಠ ಮಾಡುವಾಗ ಹುಡುಗರು ಕಾಗೆಯಾಗುತ್ತಿದ್ದರು, ಜೀರುಂಡೆಯಾಗುತ್ತಿದ್ದರು. ಬೆಂಚಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು," ಮೇಷ್ಟ್ರ ಮುಖ ಅರಳುತ್ತದೆ.

"ನನ್ನ ಬುಕ್ಕಲ್ಲಿ ಅದು ಇಲ್ಲ ತಾತ," ಅನ್ನುತ್ತಾಳೆ ಪುಟ್ಟಿ.

ಜೀವವಿಕಾಸದ ಬಗ್ಗೆ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕವನ್ನು ಶುರು ಮಾಡುವುದೂ ದೂರದ ದ್ವೀಪಗಳಿಂದಲ್ಲ. ಮನೆಯಂಗಳದ ಪಾರಿವಾಳ, ಕೊಟ್ಟಿಗೆಯ ದನ, ಹಿತ್ತಲಿನ ಗಿಡಗಳಿಂದ. ಸಾಕುವವರು ಹೇಗೆ ಆರಿಸುತ್ತಾರೆ ಎಂದು ತೋರಿಸಿದ ಮೇಲಷ್ಟೇ ನಿಸರ್ಗ ಹೇಗೆ ಆರಿಸುತ್ತದೆ ಎನ್ನುವುದಕ್ಕೆ ಬರುತ್ತಾನೆ. ಅವನು ದಂಡಿಗನಹಳ್ಳಿಯಲ್ಲಿ ಹುಟ್ಟಿದ್ದರೆ ಮೊದಲ ಅಧ್ಯಾಯ ರಾಗಿಯದಾಗಿರುತ್ತಿತ್ತು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಮ್ಮದೇ ಅಂದುಕೊಂಡಿರುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ಇಲ್ಲಿನ ಮಳೆಗೆ, ಇಲ್ಲಿನ ಕೆಮ್ಮಣ್ಣಿಗೆ ಒಗ್ಗಿಕೊಂಡಿತು. ಹಾಗೆ ಎಂದೋ ಅಗಲಿದ ಎರಡು ಬಳಗವನ್ನು ಮತ್ತೆ ಒಂದುಗೂಡಿಸಿದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಕ್ರಾಸ್ ಮಾಡಿ ಅವರು ತಂದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಎಂಬ ಹೆಸರಾಯಿತು. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಈ ಸೀಮೆಯ ಮುದ್ದೆಯಲ್ಲಿ ಜೀವವಿಕಾಸದ ಪಾಠವೊಂದು ಬೆಂದು, ತೊಳಸಿಕೊಂಡು, ಉಂಡೆಯಾಗಿ ತಟ್ಟೆಗೆ ಬರುತ್ತದೆ.

ಹಿಂದಿರುಗುವ ದಾರಿಯಲ್ಲಿ ಒಂದು ಟೊಮ್ಯಾಟೊ ಹೊಲ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದ ಹೆಂಗಸು ಮೇಷ್ಟ್ರನ್ನು ಕಂಡು ಬದುವಿಗೆ ಬರುತ್ತಾರೆ. ಎಲೆಗಳ ಅಂಚಿನಲ್ಲಿ ಬಿಸಿನೀರು ಸುಟ್ಟಂಥ ಕಂದು ಮಚ್ಚೆ. ಅಂಗಮಾರಿ.

"ಮೊದ್ಲು ಒಂದ್ ಸಲ ಹೊಡುದ್ರೆ ನಿಂತೋಗದು ಮೇಷ್ಟ್ರೇ. ಈಗ ಮೂರ್ ಸಲ ಹೊಡುದ್ರೂ ನಾಟಲ್ಲ. ರೋಗಾನೇ ಗಟ್ಟಿಯಾಗ್ಬುಟ್ಟದೆ."

"ಔಷಧಿ ಕಳಪೆಯಾಗಿರಬಹುದಲ್ವೇನಮ್ಮಾ?"

"ಔಷ್ದಿ ಅದೇಯ. ಸಾಯೋದೆಲ್ಲ ಸತ್ತು, ಸಾಯ್ದೆ ಇದ್ದದ್ದೇ ಮರಿ ಹಾಕ್ಕಂಡ್ ಬಂದದೆ."

ನಾನು ಬದುವಿನ ಮೇಲೆ ಹಾಗೇ ನಿಂತುಬಿಟ್ಟೆ. ಶಾಲೆಯ ಹಳೆಯ ಪುಸ್ತಕ ಎರಡು ಪುಟದಲ್ಲಿ ಹೇಳುವ ನಿಸರ್ಗದ ಆಯ್ಕೆಯನ್ನು ಆ ತಾಯಿ ಒಂದೇ ಉಸಿರಿನಲ್ಲಿ ಹೇಳಿ, ಮತ್ತೆ ಸಾಲಿಗೆ ಇಳಿದರು. ಅವರ ಮಾತಿಗೆ ಪ್ರಯೋಗಾಲಯದ ಸಾಕ್ಷಿಯೂ ಇದೆ. 2009–10ರ ಸುಮಾರಿಗೆ ನಮ್ಮ ಭಾಗದ ಟೊಮ್ಯಾಟೊವನ್ನು ಕಂಡಾಪಟ್ಟೆ ಕಾಡಿದ ಅಂಗಮಾರಿಯ ಹಿಂದೆ ಇದ್ದದ್ದು ಹೊಸದಾಗಿ ಬಂದು ಹಳೆಯ ತಳಿಗಳನ್ನು ಒತ್ತರಿಸಿದ ಒಂದು ರೋಗಾಣು ತಳಿ ಎಂದು ವಿಜ್ಞಾನಿಗಳು ಗುರುತಿಸಿದರು. ಮೆಟಲಾಕ್ಸಿಲ್ ಎಂಬ ಔಷಧಿಗೆ ಅದು ಬಗ್ಗುತ್ತಿರಲಿಲ್ಲ. ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರ ಬೆನ್ನಿಗೆ ಬಿದ್ದಿರುವುದೂ ಇದೇ ಜಾತಿಯ ರೋಗಾಣು. ಕಣ್ಣೆದುರು ವಿಕಾಸ ನಡೆದದ್ದನ್ನು ಯಾರೂ ನೋಡಿಲ್ಲ ಅನ್ನುವವರು ಈ ಬದುವಿಗೊಮ್ಮೆ ಬರಬೇಕು.

ಸಂಜೆ. ಜಗಲಿಯ ಮೇಲೆ ಚಾಪೆ ಹಾಸಿದೆ. ಒಳಗಿನಿಂದ ಹುಚ್ಚೆಳ್ಳು ಹುರಿಯುವ ವಾಸನೆ. ಮೇಷ್ಟ್ರು ತಾವು ಪಾಠ ಮಾಡಿದ ಹಳೆಯ ಪುಸ್ತಕ ತಂದು ಪುಟ್ಟಿಯ ಹೊಸ ಪುಸ್ತಕದ ಪಕ್ಕ ಇಡುತ್ತಾರೆ. ಹಳೆಯದರಲ್ಲಿ 'ಅನುವಂಶೀಯತೆ ಮತ್ತು ವಿಕಾಸ'. ಹೊಸದರಲ್ಲಿ 'ಅನುವಂಶೀಯತೆ'. ಅಷ್ಟೇ.

ಕಥೆ ಇದು. ಕೋವಿಡ್ ಕಾಲದಲ್ಲಿ ಮಕ್ಕಳ ಮೇಲಿನ ಹೊರೆ ಇಳಿಸಬೇಕೆಂದು ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಗಳನ್ನು ಕತ್ತರಿಸಿತು. 2023ರಲ್ಲಿ ಬಂದ ಹತ್ತನೇ ತರಗತಿಯ ಪುಸ್ತಕದಲ್ಲಿ ಜೀವದ ಮೂಲ, ಪಳೆಯುಳಿಕೆ, ಡಾರ್ವಿನ್, ಮಾನವ ವಿಕಾಸ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪಾಠವನ್ನು ಮರಳಿ ಸೇರಿಸಿ ಎಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿ ಅದನ್ನು ಹೊರತಂದಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸದ ಅಧ್ಯಾಯ ಇದ್ದೇ ಇದೆ ಎಂದು ಸರ್ಕಾರ ಉತ್ತರ ಕೊಟ್ಟಿತು. ಇರುವುದು ನಿಜ. ಆದರೆ ಹತ್ತರ ನಂತರ ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ ಅಂತ ಚದುರಿಹೋಗುವ ಮಕ್ಕಳೇ ಹೆಚ್ಚು. ಅವರಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಹತ್ತನೇ ಕ್ಲಾಸು ಎಲ್ಲರೂ ಒಟ್ಟಿಗೆ ಕೂರುವ ಕೊನೆಯ ಪಂಕ್ತಿ. ಆ ಪಂಕ್ತಿಯಲ್ಲಿ ಬಡಿಸದ್ದನ್ನು ಮುಂದಿನ ಊಟದಲ್ಲಿ ಕೆಲವರಿಗಷ್ಟೇ ಬಡಿಸಿದರೆ ಆಗಲಿಲ್ಲ. ನನ್ನ ತಕರಾರು ಇದು.

ಅದಕ್ಕೂ ಮೊದಲು, 2018ರ ಜನವರಿಯಲ್ಲಿ, ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಕೋತಿ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ಕಂಡಿಲ್ಲ, ಶಾಲೆಯ ಪಾಠ ಬದಲಾಗಬೇಕು ಎಂಬರ್ಥದ ಮಾತಾಡಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಅವುಗಳಲ್ಲೊಂದು ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಕಾಡೆಮಿ.

"ಅಮೆರಿಕದಲ್ಲಿ ವಿಕಾಸದ ಪಾಠ ಮಾಡಿದ್ದಕ್ಕೆ ಮೇಷ್ಟ್ರೊಬ್ಬರಿಗೆ ಕೋರ್ಟಿನಲ್ಲಿ ದಂಡ ಹಾಕಿದ್ದರು," ಎಂದು ಮೇಷ್ಟ್ರು ಪುಟ್ಟಿಗೆ ಹೇಳುತ್ತಾರೆ. 1925, ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಪುಟ್ಟ ಊರು. ಜಾನ್ ಸ್ಕೋಪ್ಸ್ ಎಂಬ ಎಳೆಯ ಶಿಕ್ಷಕ. 100 ಡಾಲರ್ ದಂಡ. ಆಮೇಲೆ ಅದು ರದ್ದಾಯಿತು, ಆದರೆ ಜಗಳ ನಿಲ್ಲಲಿಲ್ಲ. 2005ರಲ್ಲಿ ಪೆನ್ಸಿಲ್ವೇನಿಯದ ಡೋವರ್ ಎಂಬಲ್ಲಿ ಮತ್ತೆ ಕೋರ್ಟು. ಸೃಷ್ಟಿವಾದವನ್ನು ಹೊಸ ಹೆಸರಿನಲ್ಲಿ ವಿಜ್ಞಾನದ ತರಗತಿಗೆ ತರುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು.

ಅಲ್ಲಿನ ಜಗಳಕ್ಕೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸ ನನಗೆ ಈ ಜಗಲಿಯಲ್ಲಿ ಹೊಳೆಯುತ್ತದೆ. ಅಲ್ಲಿ ಅನೇಕರಿಗೆ ಕಾಲವೇ ಗಂಟಲಿಗೆ ಸಿಕ್ಕಿಕೊಂಡದ್ದು. ಜಗತ್ತಿಗೆ ಆರು ಸಾವಿರ ವರ್ಷವಷ್ಟೇ ಎಂದು ಧರ್ಮಗ್ರಂಥದಿಂದ ಎಣಿಸಿ ನಂಬಿದವರಿಗೆ 330 ಕೋಟಿ ವರ್ಷದ ಕಲ್ಲು ದೊಡ್ಡ ಪೆಟ್ಟು. ನಮಗೆ ಕಾಲ ದಿಗಿಲು ಹುಟ್ಟಿಸುವುದಿಲ್ಲ. ಸಂಕಲ್ಪ ಮಾಡುವಾಗಲೇ ಕಲ್ಪ, ಮನ್ವಂತರ, ಯುಗ ಎಣಿಸಿಕೊಂಡು ಬರುವವರು ನಾವು. ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷ ಎಂದು ಪುರಾಣ ಲೆಕ್ಕ ಹಾಕಿದೆ. ಅದು ಅಳತೆಯಲ್ಲ, ಕಲ್ಪನೆ. ಆದರೂ ಕೋಟಿಗಳನ್ನು ಮನಸ್ಸಿನಲ್ಲಿ ಹಿಡಿಯುವ ಅಭ್ಯಾಸ ನಮಗುಂಟು. ನಮ್ಮಲ್ಲಿ ಮುಜುಗರ ಇರುವುದು ಕೋತಿಯ ನಂಟಿನಲ್ಲಿ.

ಇಷ್ಟು ಹೊತ್ತು ಒಳಗೆ ಚಟ್ನಿಪುಡಿ ಕುಟ್ಟುತ್ತಿದ್ದ ಪುಟ್ಟಿಯ ಅಜ್ಜಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬರುತ್ತಾರೆ.

"ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋಗಿ ಅಡ್ಡ ಬೀಳ್ತೀವಿ. ಅವನ ನೆಂಟರು ಅಂದ್ರೆ ಯಾಕಪ್ಪ ಬೇಜಾರು? ನಂಗಂತೂ ಸಂತೋಷ."

ಮೇಷ್ಟ್ರು ನಗುತ್ತಲೇ ತಿದ್ದುತ್ತಾರೆ. ಇವತ್ತಿನ ಕೋತಿ ನಮ್ಮ ಅಜ್ಜನಲ್ಲ, ದಾಯಾದಿ. ಒಂದೇ ಹಳೆಯ ಮನೆಯಿಂದ ಎಂದೋ ಪಾಲಾಗಿ ಹೋದವರು ನಾವಿಬ್ಬರು. ಚಿಂಪಾಂಜಿಯ ಕವಲೂ ನಮ್ಮ ಕವಲೂ ಬೇರೆಯಾದದ್ದು ಸುಮಾರು 60–70 ಲಕ್ಷ ವರ್ಷದ ಹಿಂದೆ. "ಪಾಲಾದ್ರೂ ನೆಂಟಸ್ತಿಕೆ ಇರ್ತದಲ್ಲ," ಅನ್ನುತ್ತಾರೆ ಅಜ್ಜಿ. ಮೇಷ್ಟ್ರು ಒಪ್ಪುತ್ತಾರೆ.

ಗೋಡೆಯ ಲೈಟಿನ ಸುತ್ತ ಹಲ್ಲಿಯೊಂದು ಹುಳ ಹಿಡಿಯುತ್ತಿದೆ. ಪುಟ್ಟಿ ಅದನ್ನೇ ನೋಡುತ್ತಿದ್ದಾಳೆ. ನನಗೆ ತೇಜಸ್ವಿಯವರ 'ಕರ್ವಾಲೊ' ನೆನಪಾಗುತ್ತದೆ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಜ್ಞಾನಿ, ರೈತ, ಹಳ್ಳಿಯ ಮಂದಣ್ಣ ಎಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡು ಹೊಗುತ್ತಾರೆ, ಓದುಗ ತನಗರಿವಿಲ್ಲದೆ ಜೀವವಿಕಾಸದ ರಹಸ್ಯದ ಎದುರು ನಿಂತಿರುತ್ತಾನೆ. ಸಾವಿರಾರು ಕನ್ನಡಿಗರಿಗೆ ಆ ಬೆರಗನ್ನು ಮುಟ್ಟಿಸಿದ್ದು ಪಠ್ಯಪುಸ್ತಕಕ್ಕಿಂತ ಮೊದಲು ಆ ಓತಿಯೇ ಇರಬೇಕು.

ಮರುದಿನ ಬಡಗಣಕ್ಕೆ, ನುಗ್ಗೇಹಳ್ಳಿಗೆ. ತಿಪಟೂರಿನ ದಾರಿಯಲ್ಲಿ ಎರಡೂ ಬದಿ ತೆಂಗು. ಒಣಗಿದ ಸಿಪ್ಪೆಯ ಗುಡ್ಡೆಗಳು, ಕೊಬ್ಬರಿಯ ಕಮಟು. ಊರೊಳಗೆ ತಿರುಗಿದರೆ ಮನೆಗಳ ನಡುವೆ ಲಕ್ಷ್ಮೀನರಸಿಂಹನ ಗುಡಿ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಕೈಕೆಲಸ. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲಿಲ್ಲ. ಗೋಡೆಯ ಬಳಪದ ಕಲ್ಲನ್ನು ಬಿಸಿಲು ಮುಟ್ಟಿದಾಗ ಅದು ಎಣ್ಣೆ ಹಚ್ಚಿದ ಮೈಯ ಹಾಗೆ ಮಿನುಗುತ್ತದೆ.

ಗೋಡೆಯ ತಳದಿಂದ ಕಣ್ಣು ಮೇಲೇರಿಸುತ್ತ ಹೋಗಿ. ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಯ ಸುರುಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲೆ ನಿಂತ ದೇವತೆಗಳು. ಒಳಗೆ ನರಸಿಂಹ. ಜೊತೆಗೆ ಬಂದ ಊರಿನ ಹಿರಿಯರೊಬ್ಬರು ಕೈ ಮುಗಿದು ಹೇಳುತ್ತಾರೆ: "ಮೀನು, ಆಮೆ, ಹಂದಿ, ಅರ್ಧ ಸಿಂಹ, ಕುಳ್ಳ, ಆಮೇಲೆ ಪೂರ್ತಿ ಮನುಷ್ಯ. ನಿಮ್ ವಿಜ್ಞಾನ ಹೇಳಿದ್ದನ್ನೆಲ್ಲ ನಮ್ಮೋರು ಆಗ್ಲೇ ಹೇಳವ್ರೆ."

ಈ ಮಾತು ಹೊಸದಲ್ಲ. 19ನೇ ಶತಮಾನದಿಂದಲೇ ದಶಾವತಾರವನ್ನು ವಿಕಾಸದ ಜೊತೆ ಹೋಲಿಸಿದವರಿದ್ದಾರೆ. ಜೀವವಿಕಾಸದ ಗಣಿತ ಕಟ್ಟಿದ ದೊಡ್ಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಈ ಹೋಲಿಕೆಯನ್ನು ಮೆಚ್ಚಿದ್ದ. ಅವನು 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ನೆಲೆಸಿದವನು. 2019ರ ಜನವರಿಯಲ್ಲಿ ಜಲಂಧರದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿ ದಶಾವತಾರವೇ ಡಾರ್ವಿನ್ನನಿಗಿಂತ ಮೇಲು ಎಂದಾಗ ಮಾತ್ರ ದೇಶದುದ್ದಕ್ಕೂ ವಿಜ್ಞಾನಿಗಳು ನೊಂದುಕೊಂಡರು. ಹೋಲಿಸಿ ಸಂತೋಷಪಡುವುದು ಬೇರೆ, ಪಾಠದ ಜಾಗದಲ್ಲಿ ಪುರಾಣ ಇಡುವುದು ಬೇರೆ. ಅವತಾರದಲ್ಲಿ ಬೇರೆ ಬೇರೆ ಮೈ ತಾಳುವವನು ಒಬ್ಬನೇ. ಆಮೆಗೆ ಮೀನು ಅಜ್ಜನಾಗಬೇಕಿಲ್ಲ. ವಿಕಾಸದಲ್ಲಿ ಯಾರೂ ವೇಷ ತೊಡುವುದಿಲ್ಲ. ಮರಿಯಿಂದ ಮರಿಗೆ ಕೂದಲೆಳೆಯ ಬದಲಾವಣೆ ಲಕ್ಷಾಂತರ ತಲೆಮಾರು ಸೇರಿಕೊಂಡು ಹೋಗುತ್ತದೆ. ಆ ಹಿರಿಯರೊಂದಿಗೆ ನಾನು ವಾದಿಸಲಿಲ್ಲ. ಅವರ ಮಾತಿನಲ್ಲಿದ್ದದ್ದು ಅಭಿಮಾನ, ಜಗಳವಲ್ಲ. ಇದನ್ನಷ್ಟು ನೋಡಿ ಎಂದು ಮಕರದ ಸಾಲಿನ ಹತ್ತಿರ ಕರೆದೆ.

ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ದವಡೆ, ಸಿಂಹದ ಕಾಲು, ನವಿಲಿನ ಬಾಲ. ಎಂಥ ಕಲ್ಪನೆ! ವಿಕಾಸ ಇಂಥದನ್ನು ಮಾಡಲಾರದು. ನವಿಲಿನ ಕೊಂಬೆಯಿಂದ ಬಾಲ ಕಿತ್ತು ಆನೆಯ ಕೊಂಬೆಗೆ ಅಂಟಿಸುವುದು ಅದಕ್ಕೆ ಗೊತ್ತಿಲ್ಲ. ತನ್ನ ಮನೆಯಲ್ಲಿದ್ದ ಹಳೆಯ ಸಾಮಾನನ್ನೇ ತಿದ್ದಿ ತೀಡಿ ಬಳಸಬೇಕು. ಹಾಗೆ ತಿದ್ದಿಕೊಂಡೇ ಅದು ಮಕರದಷ್ಟೇ ಅಚ್ಚರಿಯ ಒಂದು ಪ್ರಾಣಿ ಮಾಡಿದೆ. ತಿಮಿಂಗಿಲ. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಕೂಡಿಟ್ಟಿದ್ದ ಕಲ್ಲುಗಳ ಒಳಗೆ ಮೂಳೆಗಳಿದ್ದವು. ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ ಆ ಕಲ್ಲುಗಳನ್ನು ಬಿಡಿಸಿದಾಗ, ಕುರಿಗಿಂತ ಚಿಕ್ಕದಾದ, ನಾಲ್ಕು ಕಾಲಿನ, ನೀರಿಗಿಳಿಯುತ್ತಿದ್ದ ಒಂದು ಪ್ರಾಣಿ ಹೊರಬಂತು. 'ಇಂಡೊಹಯಸ್', ಭಾರತದ ಹಂದಿ ಎಂಬರ್ಥದ ಹೆಸರು. 4.8 ಕೋಟಿ ವರ್ಷ ಹಳೆಯದು. ಅದರ ಕಿವಿಯ ಮೂಳೆ ತಿಮಿಂಗಿಲದ್ದರಂತೆಯೇ ಇತ್ತು. 2007ರಲ್ಲಿ ಜಗತ್ತಿಗೆ ಸುದ್ದಿಯಾಯಿತು. ಕಡಲಿನ ಅತಿ ದೊಡ್ಡ ಜೀವಿಗಳ ತವರು ನಮ್ಮದೇ ಉಪಖಂಡದ ದಂಡೆ! ಹಿರಿಯರು ಮಕರದ ಸೊಂಡಿಲು ಸವರುತ್ತ, "ನಾಕ್ ಕಾಲಿಂದಾ?" ಎಂದು ಎರಡು ಸಲ ಕೇಳಿದರು.

ಅಲ್ಲಿಂದ ಬೈರಾಪುರದ ಕಡೆ ಒಂದು ಸಣ್ಣ ಸುತ್ತು. ನುಗ್ಗೇಹಳ್ಳಿಯ ಶಿಲಾಪಟ್ಟಿ ಕ್ರೋಮೈಟ್ ಅದಿರಿಗೆ ಹೆಸರಾದದ್ದು, ಬೈರಾಪುರದ ಗಣಿ ಅದರಲ್ಲಿ ಮುಖ್ಯವಾದದ್ದು. ಈ ಪಟ್ಟಿಯ ತೆಂಕಣ ತುದಿಯಲ್ಲಿ ಕೆಂಪಿನಕೋಟೆ, ಹಿಂದಿನವರು ಚಿನ್ನಕ್ಕಾಗಿ ಅಗೆದ ಗುಂಡಿಗಳ ಊರು. ದಾರಿಬದಿಯ ಹಸಿರುಗಪ್ಪು ಕಲ್ಲೊಂದನ್ನು ಪುಟ್ಟಿ ಎತ್ತಿಕೊಳ್ಳುತ್ತಾಳೆ. ಕೈಗೆ ಬಳಪದಂತೆ ನುಣ್ಣಗೆ, ಭಾರವಾಗಿದೆ. ಸುಮಾರು 310 ಕೋಟಿ ವರ್ಷದ ಹಿಂದೆ ಭೂಮಿಯ ಒಡಲಿನಿಂದ ಕುದಿದು ಬಂದ ಶಿಲೆ. ಇದರೊಳಗೆ ಜೀವದ ಗುರುತಿಲ್ಲ. ಅದಕ್ಕೆ ಇನ್ನಷ್ಟು ಬಡಗಣಕ್ಕೆ, ಚಿತ್ರದುರ್ಗದ ಶಿಲಾಪಟ್ಟಿಗೆ ಹೋಗಬೇಕು. ಅಲ್ಲಿನ ಸುಣ್ಣಗಲ್ಲಿನಲ್ಲಿ ಸುಮಾರು 260 ಕೋಟಿ ವರ್ಷದ ಹಿಂದೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳ ಅಚ್ಚು, ಸ್ಟ್ರೊಮಾಟೊಲೈಟ್, ಉಳಿದುಕೊಂಡಿದೆ. ಕೋಸಿನ ಗಡ್ಡೆಯನ್ನು ಅಡ್ಡ ಕೊಯ್ದಾಗ ಕಾಣುವ ಸುರುಳಿಯ ಹಾಗೆ.

ಮೂರನೆಯ ದಿನ ಶ್ರವಣಬೆಳಗೊಳ. ಬಿಸಿಲೇರುವ ಮೊದಲೇ ವಿಂಧ್ಯಗಿರಿಯ ಬುಡದಲ್ಲಿ ಚಪ್ಪಲಿ ಬಿಟ್ಟಿದ್ದೇವೆ. ಅಜ್ಜಿ ಮಂಡಿನೋವೆಂದು ಕಲ್ಯಾಣಿಯ ಹತ್ತಿರ ನೆರಳಿನಲ್ಲಿ ಕೂತರು. ಬಂಡೆಯನ್ನೇ ಕಡಿದು ಮಾಡಿದ ಸುಮಾರು 650 ಮೆಟ್ಟಿಲು. ಮೇಷ್ಟ್ರು ಜೇಬಿನಿಂದ ಒಂದು ಚೀಟಿ ತೆಗೆಯುತ್ತಾರೆ. ಹಿಂದೆ ಮಕ್ಕಳನ್ನು ಇಲ್ಲಿಗೆ ಪ್ರವಾಸ ಕರೆತರುವಾಗ ಬಳಸುತ್ತಿದ್ದ ಲೆಕ್ಕವಂತೆ. ಭೂಮಿಯ 454 ಕೋಟಿ ವರ್ಷವನ್ನು 650 ಮೆಟ್ಟಿಲಿಗೆ ಹಂಚಿದರೆ ಮೆಟ್ಟಿಲಿಗೆ 70 ಲಕ್ಷ ವರ್ಷ.

"ಮೊದಲ ಮೆಟ್ಟಿಲು, ಭೂಮಿ ಹುಟ್ಟಿತು. ಹೊರಡು."

ಪುಟ್ಟಿ ಎಣಿಸುತ್ತ ಹತ್ತುತ್ತಾಳೆ. ಕಲ್ಲು ಅಂಗಾಲಿಗೆ ತಂಪು. 150ರ ಹತ್ತಿರ ಮೇಷ್ಟ್ರು ಕೂಗುತ್ತಾರೆ: "ಇಲ್ಲಿಗೆ ಜೀವ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು." 177, ಗೊರೂರಿನ ಕಲ್ಲು. ಇನ್ನೂ ಸ್ವಲ್ಪ ಮೇಲೆ ನುಗ್ಗೇಹಳ್ಳಿ. ಪುಟ್ಟಿ ಬ್ಯಾಗಿನಲ್ಲಿದ್ದ ಹಸಿರು ಕಲ್ಲನ್ನು ಆ ಮೆಟ್ಟಿಲಿಗೆ ಒಂದು ಸಲ ಮುಟ್ಟಿಸಿ ಮತ್ತೆ ಒಳಗಿಡುತ್ತಾಳೆ. ಹಿಂದಿನಿಂದ ಬಂದ ಯಾತ್ರಿಕರ ಗುಂಪೊಂದು ಅದು ಹರಕೆಯೇನೋ ಎಂದುಕೊಂಡು ದಾರಿ ಬಿಟ್ಟು ನಿಲ್ಲುತ್ತದೆ. 275 ದಾಟುವಾಗ ಚಿತ್ರದುರ್ಗದ ಸುಣ್ಣಗಲ್ಲು. 306ರ ಸುಮಾರಿಗೆ ಗಾಳಿಯಲ್ಲಿ ಆಮ್ಲಜನಕ ಏರತೊಡಗುತ್ತದೆ. ಆ ಅಣುಜೀವಿಗಳ ಬಿಸಿಲಡುಗೆಯ ಕೊಡುಗೆ.

ಆಮೇಲೆ ಉದ್ದನೆಯ ಏರು. ಉಸಿರು ಬಿಗಿಯುತ್ತದೆ. 400. 450. 500. "ಏನೂ ಬರಲಿಲ್ವಲ್ಲ ತಾತ?" ಬರುವುದಿಲ್ಲ. ಕಣ್ಣಿಗೆ ಕಾಣುವ ಪ್ರಾಣಿ ಕೈಗೆ ಸಿಗಲು 560 ದಾಟಬೇಕು. ಅಷ್ಟು ಮೆಟ್ಟಿಲೂ ಲೋಳೆಗಳದು, ಕಣಗಳದು, ನೀರಿನೊಳಗಿನ ಮೌನದ ಬದುಕು. ಕೆಳಗೆ ಕಲ್ಯಾಣಿ ಬಳಪದ ಹಲಗೆಯ ಗಾತ್ರಕ್ಕೆ ಇಳಿದಿದೆ. ಅದರ ಸುತ್ತ ಊರು, ಊರಿನ ಸುತ್ತ ತೆಂಗು, ಹಸಿರು ದಟ್ಟವಾಗಿ, ಆಮೇಲೆ ನೀಲಿಯಾಗಿ, ದಂಡಿಗನಹಳ್ಳಿಯ ದಿಕ್ಕಿನಲ್ಲಿ ಬರೀ ಮಬ್ಬಾಗಿ ಹಬ್ಬಿದೆ.

575ಕ್ಕೆ ಮೀನು. ಅಲ್ಲಿಂದ ಎಲ್ಲವೂ ಓಡೋಡಿ ಬರುತ್ತದೆ. ನೆಲದ ಮೇಲೆ ಗಿಡ, ಕಾಲು ಮೂಡಿದ ಮೀನಿನ ಮಕ್ಕಳು, ಕಪ್ಪೆ, ಹಲ್ಲಿ. ಇನ್ನು 33 ಮೆಟ್ಟಿಲಿದೆ ಅನ್ನುವಾಗ ಡೈನೋಸಾರ್. ಇನ್ನು 19 ಇದೆ ಅನ್ನುವ ಆಸುಪಾಸಿನಲ್ಲಿ ಹೂ. ಅಷ್ಟು ತಡವಾಗಿಯೇ ಹೂ ಬಿಡಲು ಕಲಿತದ್ದು ಈ ಭೂಮಿ, ನೋಡಿ! ಮೊನ್ನೆಯ ಹುಚ್ಚೆಳ್ಳಿನ ಹೊಲ ಕಣ್ಣಿಗೆ ಕಟ್ಟುತ್ತದೆ. ಮೇಲಿನಿಂದ ಒಂಬತ್ತು-ಹತ್ತನೆಯ ಮೆಟ್ಟಿಲಿನಲ್ಲಿ ಡೈನೋಸಾರುಗಳ ಕೊನೆ. ಆಸುಪಾಸಿನಲ್ಲೇ ನಮ್ಮ ಉತ್ತರ ಕರ್ನಾಟಕದ ಕರಿನೆಲಕ್ಕೆ ಮೂಲವಾದ ಲಾವಾ ಉಕ್ಕಿ ಹರಿಯುತ್ತದೆ. ಏಳು ಮೆಟ್ಟಿಲು ಉಳಿದಾಗ ಕಾಲಾಕೋಟ್‌ನ ಆ ಪುಟ್ಟ ಪ್ರಾಣಿ ನೀರಿಗೆ ಕಾಲಿಡುತ್ತದೆ.

ಕೊನೆಯ ಮೆಟ್ಟಿಲಿನ ಮುಂದೆ ಮೇಷ್ಟ್ರು ನಿಲ್ಲುತ್ತಾರೆ. ಬೆವರು ಒರೆಸಿಕೊಳ್ಳುತ್ತಾರೆ.

"ಚಿಂಪಾಂಜಿ, ನಾವು ಪಾಲಾದದ್ದು ಇಲ್ಲಿ. ಈ ಒಂದು ಮೆಟ್ಟಿಲು."

ನಮ್ಮಂಥ ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷ. ಆ ಕೊನೆಯ ಮೆಟ್ಟಿಲಿನ ಎತ್ತರದಲ್ಲೂ ಒಂದು ಕಿರುಬೆರಳಿನ ದಪ್ಪಕ್ಕೆ ಸಾಲದು. ಡೇಟನ್ನಿನ ಕೋರ್ಟು, ಸಚಿವರ ಮಾತು, ಪಾಠದ ಜಗಳ, ಎಲ್ಲ ಇದೊಂದು ಮೆಟ್ಟಿಲಿನದು. ಆದರೆ ಪುಸ್ತಕದಿಂದ ಪಾಠ ಹೋದಾಗ ಈ ಒಂದು ಮೆಟ್ಟಿಲಷ್ಟೇ ಹೋಗಲಿಲ್ಲ. ಗೊರೂರಿನ ಕಲ್ಲಿನ ಪಕ್ಕದ ಅಣುಜೀವಿ, ಗಾಳಿಗೆ ಬಂದ ಉಸಿರು, ಮೀನಿನ ಕಾಲು, ತಿಮಿಂಗಿಲದ ಕಿವಿ, ಕೋಸಿನ ತಾಯಿ, ಟೊಮ್ಯಾಟೊ ಹೊಲದ ಆ ತಾಯಿಯ ಮಾತು, ಕೆಳಗಿನ 649 ಮೆಟ್ಟಿಲೂ ಜೊತೆಗೆ ಹೋದವು. ನನಗೆ ನೋವಾಗುವುದು ಅದಕ್ಕೆ.

ಮೇಲೆ ಗೊಮ್ಮಟ. ಚಾವುಂಡರಾಯ 981ರ ಸುಮಾರಿಗೆ ಕಡೆಯಿಸಿದ 58 ಅಡಿಯ ಒಂದೇ ಕಲ್ಲು. ತೊಡೆಗೆ ಬಳ್ಳಿ ಹಬ್ಬಿದೆ, ಕಾಲ ಬಳಿಯ ಹುತ್ತದಿಂದ ಹಾವು ಇಣುಕುತ್ತಿದೆ, ಆ ಮುಖದಲ್ಲಿ ಒಂದು ಗೆರೆಯೂ ಅಲುಗಿಲ್ಲ. ಇವನ ಪಾದದ ಬಳಿ ನಿಂತು ಸೃಷ್ಟಿಯ ಜಗಳ ನೆನೆದರೆ ಮೈ ನವಿರೇಳುತ್ತದೆ. ಯಾಕೆಂದರೆ ಜೈನರ ಜಗತ್ತಿಗೆ ಸೃಷ್ಟಿಕರ್ತನೇ ಇಲ್ಲ. ಅದು ಅನಾದಿ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು 9ನೇ ಶತಮಾನದಲ್ಲೇ ಮಹಾಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ತರ್ಕದಿಂದ ಎಳೆ ಎಳೆಯಾಗಿ ಪ್ರಶ್ನಿಸಿದರು. ಚಾವುಂಡರಾಯನ ಗುರು ನೇಮಿಚಂದ್ರರು ಗೊಮ್ಮಟಸಾರದಲ್ಲಿ ಜೀವಗಳ ವಿಚಾರವನ್ನೇ ವಿಸ್ತರಿಸಿದರು. ಜೈನರ ಎಣಿಕೆಯಲ್ಲಿ ಗಿಡಕ್ಕೆ ಒಂದೇ ಇಂದ್ರಿಯ, ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ನಮಗೆ ಐದು. ಇದು ವಿಕಾಸವಾದವಲ್ಲ. ಒಂದು ಜೀವಜಾತಿ ಇನ್ನೊಂದಾಗುವ ಮಾತು ಅದರಲ್ಲಿಲ್ಲ. ಆದರೆ ಈ ನೆಲದಲ್ಲಿ ಸೃಷ್ಟಿಯ ಬಗ್ಗೆ ಪ್ರಶ್ನೆ ಕೇಳಿದವರನ್ನು ಗುರುಗಳೆಂದು ಗೌರವಿಸಿದರು. ಆ ಪ್ರಶ್ನೆಗಳನ್ನು ಓಲೆಗರಿಯಲ್ಲಿ ಬರೆದು ಕಾಪಾಡಿದರು.

ಅಭಿಷೇಕದ ನೀರು ಗೊಮ್ಮಟನ ಪಾದದಿಂದ ಹರಿದು ಕಲ್ಲಿನ ಸಂದಿಯಲ್ಲಿ ಇಂಗುತ್ತಿದೆ. ಅಲ್ಲೊಂದು ಹಸಿರು ಪಾಚಿಯ ಗೆರೆ. ಪುಟ್ಟಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಏನೋ ಕೂಡಿಸುತ್ತಿದ್ದಾಳೆ. ಹುಬ್ಬು ಗಂಟಿಕ್ಕಿದೆ.

"ತಾತ, ನನ್ನ ಲೆಕ್ಕ 650ಕ್ಕೆ ಕೂಡಿ ಬರ್ತಿಲ್ಲ."

"ಎಲ್ಲೋ ಬಿಟ್ಟಿರಬೇಕು ನೀನು."

"ಇಲ್ಲ. ನಿಮ್ಮ ಚೀಟಿನೇ ತಪ್ಪಿರಬಹುದು. ಇಳಿಯುವಾಗ ಮತ್ತೆ ಎಣಿಸೋಣ. ನೀವು ಬೇರೆ, ನಾನು ಬೇರೆ. ಕೆಳಗೆ ಅಜ್ಜಿ ಹತ್ರ ಹೋಗಿ ಹೇಳೋಣ."

ಮೇಷ್ಟ್ರು ಚೀಟಿಯನ್ನು ಮಡಿಚಿ ಜೇಬಿಗಿಟ್ಟು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಇಬ್ಬರೂ ಅಕ್ಕಪಕ್ಕ ನಿಂತು ಮೊದಲ ಮೆಟ್ಟಿಲಿಗೆ ಕಾಲಿಡುತ್ತಾರೆ. ಅವರ ಹಿಂದೆ ನಾನೂ ಮನಸ್ಸಿನಲ್ಲೇ, ಒಂದು, ಎರಡು, ಮೂರು.